ಪಕ್ಕದ ಯಂತ್ರದಿಂದ ಬಂದರೂ ಅಸಲಿಯೇ

ಒಂದೇ ಕೋಣೆಯಲ್ಲಿರುವ ಹತ್ತು ಲಿನಕ್ಸ್ ಕಂಪ್ಯೂಟರುಗಳಿಗೆ 500 ಮೆಗಾಬೈಟಿನ ಒಂದೇ ಅಪ್‌ಡೇಟ್ ಹಾಕಬೇಕಾಗಿದೆ ಎಂದಿಟ್ಟುಕೊಳ್ಳಿ. ಹತ್ತೂ ಯಂತ್ರಗಳು ತಮ್ಮ ಪಾಡಿಗೆ ತಾವು ದೂರದ ಸರ್ವರಿನ ಕದ ತಟ್ಟಿದರೆ ಒಟ್ಟು 5 ಗಿಗಾಬೈಟ್ ಇಳಿದು ಬರಬೇಕು. ಸೆಕೆಂಡಿಗೆ 10 ಮೆಗಾಬಿಟ್ ವೇಗದ ಸಂಪರ್ಕದಲ್ಲಿ ಇದಕ್ಕೆ ಒಂದು ಗಂಟೆಗೂ ಹೆಚ್ಚು ಹೊತ್ತು ಹಿಡಿಯುತ್ತದೆ. ಒಂದು ಯಂತ್ರ ಮಾತ್ರ ಒಮ್ಮೆ ತಂದಿಟ್ಟುಕೊಂಡು ಉಳಿದ ಒಂಬತ್ತಕ್ಕೆ ಕೋಣೆಯೊಳಗಿನ ಕೇಬಲ್ಲಿನಲ್ಲೇ ಹಂಚಿದರೆ, ಹೊರಗಿನಿಂದ ತರುವ ಕೆಲಸ ಏಳು ನಿಮಿಷದಲ್ಲಿ ಮುಗಿಯುತ್ತದೆ, ಗಿಗಾಬಿಟ್ ಜಾಲದಲ್ಲಿ ಹಂಚಿಕೆಗೆ ಯಂತ್ರಕ್ಕೆ ಕೆಲವೇ ಸೆಕೆಂಡುಗಳು ಸಾಕು. ಲೆಕ್ಕ ಇಷ್ಟು ಸರಳವಾಗಿದ್ದರೂ ಇದನ್ನು ಹೇಳಿದಾಗಲೆಲ್ಲ ನನಗೆ ಎದುರಾಗುವ ಆಕ್ಷೇಪ ಒಂದೇ: ಅಧಿಕೃತ ಸರ್ವರಿನಿಂದ ನೇರವಾಗಿ ಬಾರದ್ದನ್ನು ನಂಬುವುದು ಹೇಗೆ?

ಹೀಗೆ ಕೇಳುವವರು ಅಧಿಕೃತ ಎಂದುಕೊಂಡಿರುವ ಸರ್ವರು ಕೂಡ ಬಹುತೇಕ ಸಲ ಯಾರೋ ನಡೆಸುತ್ತಿರುವ ಮಿರರ್, ಅಂದರೆ ಮೂಲ ಭಂಡಾರದ ತದ್ರೂಪು. ಲಿನಕ್ಸಿನ ಒಂದು ಬಗೆಯನ್ನು ಸಿದ್ಧಪಡಿಸುವ, 1993ರಲ್ಲಿ ಆರಂಭವಾದ ಡೆಬಿಯನ್ ಯೋಜನೆ ಹರಡಿದ್ದೇ ವಿಶ್ವವಿದ್ಯಾಲಯಗಳೂ ಸ್ವಯಂಸೇವಕರೂ ತಮ್ಮ ಡಿಸ್ಕಿನಲ್ಲಿ ಜಾಗ ಮಾಡಿಕೊಟ್ಟ ಇಂಥ ಪ್ರತಿಗಳ ಮೂಲಕ. ಗುರುತು ಪರಿಚಯವಿಲ್ಲದವರ ಯಂತ್ರದಿಂದ ಪ್ಯಾಕೇಜು, ಅಂದರೆ ತಂತ್ರಾಂಶದ ಕಟ್ಟು, ತರಿಸಿಕೊಳ್ಳಲು ಎಂದೂ ಅಂಜದ ನಾವು, ಅದೇ ಪ್ಯಾಕೇಜು ನಮ್ಮದೇ ಮೇಜಿನ ಮೇಲಿನ ಯಂತ್ರದಿಂದ ಬಂದಾಗ ಹುಬ್ಬೇರಿಸುವುದು ವಿಚಿತ್ರವಾಗಿದೆ.

ಲಿನಕ್ಸ್ ಅಪ್‌ಡೇಟಿನ ಅಸಲಿತನ ಇರುವುದು ಕಡತದ ಬಿಟ್‌ಗಳಲ್ಲೇ ಹೊರತು ಅವು ಬಂದ ದಾರಿಯಲ್ಲಲ್ಲ. ಎಸ್‌ಎಚ್‌ಎ-256 ಎಂಬ ಹ್ಯಾಶ್ ವಿಧಾನಕ್ಕೆ ಎಷ್ಟೇ ದೊಡ್ಡ ಕಡತವನ್ನು ಕೊಟ್ಟರೂ ಅದು 256 ಬಿಟ್‌ಗಳ ಒಂದು ಸಂಖ್ಯೆಯನ್ನು ಹಿಂದಿರುಗಿಸುತ್ತದೆ. ಆ ಸಂಖ್ಯೆಯನ್ನು ಅಂಕಿ ಮತ್ತು ಅಕ್ಷರಗಳು ಬೆರೆತ 64 ಚಿಹ್ನೆಗಳಲ್ಲಿ ಬರೆಯುವುದು ರೂಢಿ. ಒಳಗೆ ಏನೂ ಇಲ್ಲದ ಖಾಲಿ ಕಡತವನ್ನು ಕೊಟ್ಟು ನೋಡಿ: ಉತ್ತರ ‘ಇ3ಬಿ0ಸಿ442’ ಎಂದು ಶುರುವಾಗುತ್ತದೆ, ಜಗತ್ತಿನ ಯಾವ ಕಂಪ್ಯೂಟರಿನಲ್ಲಿ ಯಾರು ಮಾಡಿದರೂ ಹಾಗೆಯೇ ಶುರುವಾಗುತ್ತದೆ. ನೂರು ಮೆಗಾಬೈಟಿನ ಕಡತದಲ್ಲಿ ಒಂದೇ ಒಂದು ಬಿಟ್ಟನ್ನು ಸೊನ್ನೆಯಿಂದ ಒಂದಕ್ಕೆ ತಿರುಗಿಸಿದರೂ ಉತ್ತರದ 256 ಬಿಟ್‌ಗಳಲ್ಲಿ ಸರಾಸರಿ ಅರ್ಧದಷ್ಟು ಬದಲಾಗಿಬಿಡುತ್ತವೆ. ಇದನ್ನು ಕಡತದ ಬೆರಳಚ್ಚು ಎಂದು ಕರೆಯುವುದುಂಟು, ಆದರೆ ಆ ಹೋಲಿಕೆ ಇದಕ್ಕೆ ಸಾಲದು. ಮನುಷ್ಯ ತಲೆ ಬೋಳಿಸಿಕೊಂಡರೆ ಅವನ ಬೆರಳಚ್ಚು ಬದಲಾಗುವುದಿಲ್ಲ, ಇಲ್ಲಿ ಒಂದು ಕೂದಲು ಉದುರಿದರೂ ಬೇರೆಯೇ ಅಚ್ಚು ಮೂಡುತ್ತದೆ.

ಡೆಬಿಯನ್, ಉಬುಂಟುಗಳಲ್ಲಿ ಪ್ರತಿ ಪ್ಯಾಕೇಜಿನ ಹ್ಯಾಶ್ ‘ಪ್ಯಾಕೇಜಸ್’ ಎಂಬ ಪಟ್ಟಿಯಲ್ಲಿರುತ್ತದೆ, ಆ ಪಟ್ಟಿಯ ಹ್ಯಾಶ್ ‘ರಿಲೀಸ್’ ಎಂಬ ಪುಟ್ಟ ಕಡತದಲ್ಲಿರುತ್ತದೆ, ಆ ಪುಟ್ಟ ಕಡತಕ್ಕೆ ಮಾತ್ರ ಯೋಜನೆಯವರು ತಮ್ಮ ಖಾಸಗಿ ಕೀಲಿಯಿಂದ ಡಿಜಿಟಲ್ ಸಹಿ ಹಾಕಿರುತ್ತಾರೆ. ಪುಸ್ತಕದ ಪ್ರತಿ ಪುಟಕ್ಕೂ ಸಹಿ ಹಾಕುತ್ತ ಕೂರುವ ಬದಲು ಪುಟಗಳ ಗುರುತನ್ನು ಪರಿವಿಡಿಯಲ್ಲಿ, ಪರಿವಿಡಿಯ ಗುರುತನ್ನು ಮುಖಪುಟದಲ್ಲಿ ಬರೆದು, ಮುಖಪುಟಕ್ಕೊಂದು ಸಹಿ ಹಾಕಿದಂತೆ ಇದು. ಆ ಒಂದು ಸಹಿ ಸರಿಯಿದ್ದರೆ ಸಾವಿರಾರು ಪುಟಗಳೂ ಸರಣಿಯಾಗಿ ಸಾಬೀತಾಗುತ್ತವೆ. ಸಹಿಯನ್ನು ಪರೀಕ್ಷಿಸುವ ಸಾರ್ವಜನಿಕ ಕೀಲಿಯೋ, ಲಿನಕ್ಸ್ ಸ್ಥಾಪಿಸಿದ ದಿನದಿಂದಲೇ ನಿಮ್ಮ ಡಿಸ್ಕಿನಲ್ಲಿದೆ. ಫೆಡೋರಾ ಎಂಬ ಇನ್ನೊಂದು ಲಿನಕ್ಸ್ ಬಳಗದಲ್ಲಿ ಸಹಿ ಒಂದೊಂದು ಪ್ಯಾಕೇಜಿನ ಮೇಲೇ ಇರುತ್ತದೆ, ತತ್ತ್ವ ಮಾತ್ರ ಇದೇ.

ತತ್ತ್ವ ಹೊಸದೂ ಅಲ್ಲ. ಸುಮಾರು ನಾಲ್ಕು ಸಾವಿರ ವರ್ಷಗಳ ಹಿಂದೆ ಮೆಸೊಪೊಟೇಮಿಯದಲ್ಲಿ ಒಪ್ಪಂದ ಬರೆದ ಜೇಡಿಮಣ್ಣಿನ ಫಲಕವನ್ನು ಮಣ್ಣಿನದೇ ಲಕೋಟೆಯೊಳಗೆ ಮುಚ್ಚಿ, ಲಕೋಟೆಯ ಮೇಲೂ ಅದೇ ಒಪ್ಪಂದವನ್ನು ಬರೆದು ಮುದ್ರೆ ಒತ್ತುತ್ತಿದ್ದರು. ತಕರಾರು ಬಂದಾಗ ಲಕೋಟೆ ಒಡೆದು ಒಳಗಿನ ಬರಹದೊಂದಿಗೆ ತಾಳೆ ನೋಡಬಹುದಿತ್ತು. ಫಲಕ ಅಷ್ಟು ದಿನ ಯಾರ ಮನೆಯಲ್ಲಿತ್ತು ಎಂಬುದರಿಂದ ತಾಳೆಯ ಫಲಿತಾಂಶ ಬದಲಾಗುವಂತಿರಲಿಲ್ಲ.

ಪ್ಯಾಕೇಜುಗಳನ್ನು ತಂದು ಸ್ಥಾಪಿಸುವ, ಡೆಬಿಯನ್ನಿನ ಆಪ್ಟ್ ಎಂಬ ಸಾಧನ ಈ ಸಹಿಪರೀಕ್ಷೆಯನ್ನು 2007ರ 4.0 ಆವೃತ್ತಿಯಿಂದ ತಾನಾಗಿಯೇ ಮಾಡುತ್ತಿದೆ. ಆದ್ದರಿಂದಲೇ ಪ್ಯಾಕೇಜುಗಳು ಗೂಢಲಿಪೀಕರಣವಿಲ್ಲದ ಸಾದಾ ಎಚ್‌ಟಿಟಿಪಿಯಲ್ಲಿ ಬಂದರೂ ನಡೆಯುತ್ತದೆ, ನಡುವೆ ಕುಳಿತ ಕ್ಯಾಶ್, ಅಂದರೆ ಒಮ್ಮೆ ಬಂದದ್ದನ್ನು ಮತ್ತೆ ಕೊಡಲು ಕೂಡಿಡುವ ತಾಣ, ಅವುಗಳನ್ನು ಗುರುತಿಸಿ ಎತ್ತಿಟ್ಟುಕೊಳ್ಳಲೂ ಸಾಧ್ಯವಾಗುತ್ತದೆ. ಸಹಿ ಸರಿಯಿರುವ, ಆದರೆ ಹಳಸಿದ ಪ್ರತಿಯನ್ನೇ ಕೊಡುತ್ತ ಹೊಸ ಅಪ್‌ಡೇಟನ್ನು ಮರೆಮಾಚುವ ಕುತಂತ್ರವೊಂದು ಉಳಿಯುತ್ತದೆ. ಅದಕ್ಕೆಂದೇ ಡೆಬಿಯನ್ನಿನ ಭದ್ರತಾ ಭಂಡಾರದ ರಿಲೀಸ್ ಕಡತದಲ್ಲಿ ಒಂದು ಗಡುವು ಬರೆದಿರುತ್ತದೆ, ಅದು ಮೀರಿದ ಪಟ್ಟಿಯನ್ನು ಆಪ್ಟ್ ಮುಟ್ಟುವುದಿಲ್ಲ.

ಇನ್ನು ಏರ್ಪಾಡಿನ ವಿಚಾರ. ಇಡೀ ಭಂಡಾರದ ಮಿರರ್ ಇಟ್ಟುಕೊಳ್ಳುವ ಉತ್ಸಾಹ ಹಲವರಿಗಿರುತ್ತದೆ. 2023ರಲ್ಲಿ ಬಿಡುಗಡೆಯಾದ ಡೆಬಿಯನ್ 12ರಲ್ಲಿ 64,000ಕ್ಕೂ ಹೆಚ್ಚು ಪ್ಯಾಕೇಜುಗಳಿವೆ. ಒಂದು ಕೋಣೆಯ ಹತ್ತು ಯಂತ್ರಗಳು ಅವುಗಳಲ್ಲಿ ಬಹುಪಾಲನ್ನು ಎಂದೂ ಕೇಳುವುದಿಲ್ಲ, ಡಿಸ್ಕಿನಲ್ಲಿ ನೂರಾರು ಗಿಗಾಬೈಟ್ ತುಂಬುವುದು ಮಾತ್ರ ಖಚಿತ. ಇಂಟರ್‌ನೆಟ್ಟೇ ಇಲ್ಲದ ಜಾಗಕ್ಕಲ್ಲದೆ ಬೇರೆಡೆಗೆ ನಾನಿದನ್ನು ಸೂಚಿಸುವುದಿಲ್ಲ. ಯಾವುದಾದರೂ ಯಂತ್ರ ಕೇಳಿದ ಪ್ಯಾಕೇಜನ್ನು ಮೊದಲ ಸಲ ಹೊರಗಿನಿಂದ ತಂದು, ಎರಡನೆಯ ಸಲದಿಂದ ತನ್ನಲ್ಲಿರುವುದನ್ನೇ ಕೊಡುವ ಆಪ್ಟ್-ಕ್ಯಾಶರ್-ಎನ್‌ಜಿಯಂಥ ತಂತ್ರಾಂಶವೇ ಸಣ್ಣ ಜಾಲಕ್ಕೆ ತಕ್ಕುದು. ಅದು 3142ನೇ ಪೋರ್ಟಿನಲ್ಲಿ ಕಾದಿರುತ್ತದೆ. ಉಳಿದ ಯಂತ್ರಗಳ ಆಪ್ಟ್ ಸಂರಚನೆಯಲ್ಲಿ ಆ ವಿಳಾಸವನ್ನು ಪ್ರಾಕ್ಸಿಯಾಗಿ, ಅಂದರೆ ಮಧ್ಯವರ್ತಿಯಾಗಿ, ಒಂದು ಸಾಲಿನಲ್ಲಿ ಬರೆದರೆ ಸಾಕು. ಯಂತ್ರಗಳ ಲಿನಕ್ಸ್ ಆವೃತ್ತಿಯೂ ಪ್ರೊಸೆಸರಿನ ಬಗೆಯೂ ಒಂದೇ ಆಗಿದ್ದಷ್ಟೂ ಉಳಿತಾಯ ಹೆಚ್ಚು.

ಇಷ್ಟೂ ಬೇಡವೆಂದು ನಾನೊಮ್ಮೆ ಪೆನ್‌ಡ್ರೈವ್ ಹಿಡಿದು, ಅಪ್‌ಡೇಟ್ ಮುಗಿಸಿದ ಯಂತ್ರದ ಆರ್ಕೈವ್ಸ್ ಫೋಲ್ಡರಿನಿಂದ ಪ್ಯಾಕೇಜುಗಳನ್ನು ನಕಲಿಸಲು ಹೋದೆ. ಫೋಲ್ಡರು ಖಾಲಿ ಇತ್ತು. ಹಳೆಯ ‘ಆಪ್ಟ್-ಗೆಟ್’ ಆದೇಶ ತಂದದ್ದನ್ನು ಉಳಿಸಿಕೊಳ್ಳುತ್ತದೆ, ಹೊಸ ‘ಆಪ್ಟ್’ ಆದೇಶ ಸ್ಥಾಪನೆ ಮುಗಿದೊಡನೆ ಎಲ್ಲವನ್ನೂ ಅಳಿಸುತ್ತದೆ ಎಂಬುದು ನನಗೆ ಗೊತ್ತಾದದ್ದು ಅಂದು.

ಮಿರರ್ ಬಳಸುವವರನ್ನು ಬೆಚ್ಚಿಬೀಳಿಸುವ ‘ಹ್ಯಾಶ್ ಸಮ್ ಮಿಸ್‌ಮ್ಯಾಚ್’ (ಹ್ಯಾಶ್ ತಾಳೆಯಾಗಲಿಲ್ಲ) ಎಂಬ ಸಂದೇಶವನ್ನು ಕಂಡು ವೈರಸ್ ಹೊಕ್ಕಿತೆಂದು ಗುಲ್ಲೆಬ್ಬಿಸುವವರಿದ್ದಾರೆ. ಬಹುಪಾಲು ಸಲ ಆಗಿರುವುದು ಇಷ್ಟೇ: ಮಿರರ್ ತನ್ನನ್ನು ಹೊಸದಾಗಿಸಿಕೊಳ್ಳುತ್ತಿರುವ ನಡುವೆಯೇ ನೀವು ಬಾಗಿಲು ತಟ್ಟಿದ್ದೀರಿ, ಹಾಗಾಗಿ ಹೊಸ ರಿಲೀಸ್ ಕಡತದ ಜೊತೆಗೆ ಹಳೆಯ ಪಟ್ಟಿ ಸಿಕ್ಕಿದೆ. ಸರಿಯಾಗಿ ನಡೆಸುವ ಮಿರರುಗಳು ಮೊದಲು ಪ್ಯಾಕೇಜುಗಳನ್ನು ತಂದು, ಆಮೇಲೆ ಪಟ್ಟಿಗಳನ್ನು ಬದಲಿಸಿ, ಹಳೆಯ ಪ್ಯಾಕೇಜುಗಳನ್ನು ಕೊನೆಗೆ ಅಳಿಸುತ್ತವೆ. ಸ್ವಲ್ಪ ಹೊತ್ತು ಕಾದರೆ ಸರಿಹೋಗುವ ಈ ತೊಡಕಿಗೆ ಸಹಿಪರೀಕ್ಷೆಯನ್ನೇ ನಿಲ್ಲಿಸಿಬಿಡುವ ‘ಪರಿಹಾರ’ ಹೇಳಿಕೊಡುವವರ ಮೇಲೆ ನನಗೆ ನಿಜಕ್ಕೂ ಸಿಟ್ಟಿದೆ.

ತಾಳೆ ನೋಡುವವನೇ ಎಡವಿದ ಸಂದರ್ಭವೂ ಇದೆ. 2019ರ ಜನವರಿಯಲ್ಲಿ ಆಪ್ಟ್‌ನಲ್ಲೇ ಒಂದು ದೋಷ ಬಯಲಾಯಿತು. ಕಡತವನ್ನು ತರುವ ಉಪಪ್ರಕ್ರಿಯೆಯೇ ಅದರ ಹ್ಯಾಶನ್ನೂ ಲೆಕ್ಕಹಾಕಿ ಮುಖ್ಯ ಪ್ರಕ್ರಿಯೆಗೆ ವರದಿ ಒಪ್ಪಿಸುತ್ತಿತ್ತು. ‘ಬೇರೆ ವಿಳಾಸಕ್ಕೆ ಹೋಗಿ’ ಎನ್ನುವ ಸರ್ವರಿನ ಮರುನಿರ್ದೇಶನದಲ್ಲಿ ಕೆಲವು ಅಕ್ಷರಗಳನ್ನು ಅಡಗಿಸಿಟ್ಟರೆ ಆ ವರದಿಯನ್ನೇ ನಕಲಿ ಮಾಡಬಹುದಾಗಿತ್ತು. ಆಪ್ಟ್‌ನ ರಿಪೇರಿಯೂ ಆಪ್ಟ್ ಮೂಲಕವೇ ಬರಬೇಕಾಗಿದ್ದರಿಂದ, ಆ ಒಂದು ಅಪ್‌ಡೇಟಿನ ಮಟ್ಟಿಗೆ ಮರುನಿರ್ದೇಶನಗಳನ್ನು ಪೂರ್ತಿ ನಿಲ್ಲಿಸಿಕೊಂಡು ಆದೇಶ ಕೊಡುವಂತೆ ಡೆಬಿಯನ್ ತನ್ನ ಬಳಕೆದಾರರಿಗೆ ತಿಳಿಸಿತು.