10 ಕಿಲೋಮೀಟರ್ ಓಡಿದ್ರೂ ಮ್ಯಾರಥಾನೇನಾ?

ಪ್ರಶ್ನೆ: ಮ್ಯಾರಥಾನ್ ಅಂದ್ರೆ ಗ್ರೀಕಲ್ಲಿ ದೂರದ ಓಟ ಅಂತಾನಾ? ಹಾಗಿದ್ರೆ 10 ಕಿಲೋಮೀಟರ್ ಓಟಕ್ಕೂ ಹಾಗೆ ಅನ್ನಬಹುದಲ್ವಾ?

ಅಲ್ಲ ಕಣ್ರೀ, ಮೂಲದಲ್ಲಿ ಓಟಕ್ಕೂ ಆ ಪದಕ್ಕೂ ಸಂಬಂಧನೇ ಇಲ್ಲ. ಅದು ಸೋಂಪಿನ ಗಿಡದ ಹೆಸರು, ಹೋಟ್ಲಲ್ಲಿ ಊಟ ಆದ್ಮೇಲೆ ಬಿಲ್ ಜೊತೆ ಇಡ್ತಾರಲ್ಲ ಅದೇ ಸೋಂಪು. ಆ ಗಿಡ ಹೆಚ್ಚಿದ್ದಿದ್ದಕ್ಕೇ ಅಥೆನ್ಸ್ ಹತ್ರದ ಒಂದು ಬಯಲಿಗೆ ಆ ಹೆಸರು ಬಂತು ಅಂತಾರೆ. ಕ್ರಿ.ಪೂ. 490ರಲ್ಲಿ ಅಲ್ಲೇ ಅಥೆನ್ಸಿನವರು ಪರ್ಷಿಯಾ ಸೈನ್ಯನ ಸೋಲಿಸಿದ್ದು.

ಗೆದ್ದ ಸುದ್ದಿ ಹೇಳೋಕೆ ಫಿಡಿಪ್ಪಿಡೀಸ್ ಅನ್ನೋನು ಅಥೆನ್ಸ್ ತನಕ ಓಡಿ, ಹೇಳಿದ ತಕ್ಷಣ ಬಿದ್ದು ಸತ್ತ ಅನ್ನೋ ಕಥೆ ಎಲ್ರಿಗೂ ಗೊತ್ತು, ಆದ್ರೆ ಯುದ್ಧ ಆಗಿ ಕೆಲವೇ ದಶಕಕ್ಕೆ ಬರೆದ ಗ್ರೀಕ್ ಇತಿಹಾಸಕಾರ ಹೆರೊಡೋಟಸ್ ಇದನ್ನ ಹೇಳೋದೇ ಇಲ್ಲ, ಅವನ ಪ್ರಕಾರ ಈ ಮನುಷ್ಯ ಯುದ್ಧಕ್ಕೆ ಮುಂಚೆ ಸಹಾಯ ಕೇಳೋಕೆ ಸ್ಪಾರ್ಟಾ ಅನ್ನೋ ಇನ್ನೊಂದು ಗ್ರೀಕ್ ನಗರಕ್ಕೆ ಓಡಿದ್ದು, 200 ಕಿಲೋಮೀಟರ್‌ಗೂ ಜಾಸ್ತಿ ದೂರ, ಮಾರನೇ ದಿನಾನೇ ತಲುಪಿದ್ನಂತೆ! ನನಗಂತೂ ಸತ್ತ ಕಥೆಗಿಂತ ಇದೇ ದೊಡ್ಡದು ಅನ್ಸುತ್ತೆ. ಓಡಿ ಬಂದು ಸತ್ತ ಕಥೆ ಸಿಗೋದು 500 ವರ್ಷಕ್ಕೂ ಆಮೇಲೆ, ಪ್ಲುಟಾರ್ಕ್ ಅನ್ನೋ ಗ್ರೀಕ್ ಲೇಖಕ ಬರೆದಿದ್ರಲ್ಲಿ, ಅಲ್ಲಿ ಓಡಿದವನ ಹೆಸರೂ ಬೇರೆ.

ಇದು ಓಟದ ಸ್ಪರ್ಧೆ ಆಗಿದ್ದು 1896ರ ಅಥೆನ್ಸ್ ಒಲಿಂಪಿಕ್ಸಲ್ಲಿ. ಮಿಷೆಲ್ ಬ್ರೆಯಾಲ್ ಅನ್ನೋ ಫ್ರೆಂಚ್ ಭಾಷಾತಜ್ಞರ ಐಡಿಯಾ ಅದು, ದೂರ ಸುಮಾರು 40 ಕಿಲೋಮೀಟರ್, ಗೆದ್ದಿದ್ದು ಗ್ರೀಸ್‌ನೋರೇ ಆದ ಸ್ಪಿರಿಡಾನ್ ಲೂಯಿಸ್. 1908ರ ಲಂಡನ್ ಒಲಿಂಪಿಕ್ಸಲ್ಲಿ ವಿಂಡ್ಸರ್ ಅರಮನೆಯಿಂದ ಹೊರಟು ಸ್ಟೇಡಿಯಂ ಒಳಗೆ ರಾಜಮನೆತನದವರು ಕೂತಿದ್ದ ಜಾಗದ ಮುಂದೆ ಮುಗಿಯೋ ಹಾಗೆ ದಾರಿ ಹಾಕಿದ್ರು, ಅಳೆದ್ರೆ 26 ಮೈಲಿ 385 ಗಜ, ಅಂದ್ರೆ 42.195 ಕಿಲೋಮೀಟರ್. 1921ರಲ್ಲಿ ಅದನ್ನೇ ಫಿಕ್ಸ್ ಮಾಡಿದ್ರು.

ಹಾಗಾಗಿ 10 ಕಿಲೋಮೀಟರ್ ಮ್ಯಾರಥಾನ್ ಅಲ್ಲ, ಆ 42.195 ಕಿಲೋಮೀಟರ್‌ನ ಅರ್ಧ ಓಡಿದ್ರೆ ಹಾಫ್ ಮ್ಯಾರಥಾನ್ ಅಷ್ಟೇ. ಬೆಂಗಳೂರಲ್ಲಿ ಪ್ರತಿವರ್ಷ ನಡೆಯೋ ದೊಡ್ಡ ಓಟದ ಹೆಸರಲ್ಲೇ 10ಕೆ ಅಂತಿದೆ, ಆದ್ರೂ ಜನ ಮ್ಯಾರಥಾನ್ ಅಂತಾರೆ. ತಿಂಗಳುಗಟ್ಲೆ ಬೆಳಿಗ್ಗೆ ಎದ್ದು ಪ್ರಾಕ್ಟೀಸ್ ಮಾಡಿ ಪೂರ್ತಿ 42 ಓಡ್ತಾರಲ್ಲ, ಆ ಹೆಸರು ಅವ್ರಿಗೇ ಇರ್ಲಿ ಅನ್ನೋದು ನನ್ನ ಅಭಿಪ್ರಾಯ.

ಪೇಪರ್‌ನಲ್ಲಿ ಬರೋ 'ಮ್ಯಾರಥಾನ್ ಸಭೆ'ನಲ್ಲಿ ತಪ್ಪಿಲ್ಲ, ಗಂಟೆಗಟ್ಲೆ ಎಳೆದಿದ್ದು ಅಂತ ಎಲ್ರಿಗೂ ಅರ್ಥ ಆಗುತ್ತೆ. ವಾಕಥಾನ್, ಹ್ಯಾಕಥಾನ್‌ನಲ್ಲಿರೋ 'ಥಾನ್' ಇಂಗ್ಲಿಷ್‌ನೋರು ಈ ಪದದ ಬಾಲ ಕತ್ತರಿಸಿ ಅಂಟಿಸಿಕೊಂಡಿದ್ದು, ಗ್ರೀಕಲ್ಲಿ ಅದಕ್ಕೆ ಅಂಥ ಅರ್ಥ ಏನೂ ಇಲ್ಲ.