ಒಂದು ದಿನಕ್ಕೆ ಸಾವಿರ ವರ್ಷ: ಈ ಗುಣಾಕಾರ ಬಿಡಿ

ಪಾಠಕ್ಕೆ ಬೈಬಲಿನ ಮೊದಲ ಪುಸ್ತಕ ಆದಿಕಾಂಡದ ಮೊದಲ ಅಧ್ಯಾಯ, ಅಂದರೆ ದೇವರು ಆರು ದಿನಗಳಲ್ಲಿ ಲೋಕವನ್ನು ಸೃಷ್ಟಿಸಿದ ಭಾಗ ಬಂತೆಂದರೆ, ಯಾರಾದರೊಬ್ಬರು ಬೈಬಲಿನ ಕೊನೆಯ ಕಡೆಗಿರುವ ಪೇತ್ರನ ಎರಡನೆಯ ಪತ್ರಿಕೆಯ ಮೂರನೆಯ ಅಧ್ಯಾಯಕ್ಕೆ ಬೆರಳಿಟ್ಟುಕೊಂಡೇ ಕೂತಿರುತ್ತಾರೆ. ‘ಪಾಸ್ಟರೇ, ಕರ್ತನಿಗೆ ಒಂದು ದಿನ ಸಾವಿರ ವರ್ಷದ ಹಾಗೆ ಅಂತಿದೆಯಲ್ಲ? ಆರು ದಿನ ಅಂದ್ರೆ ಆರು ಸಾವಿರ ವರ್ಷ. ಮುಗೀತಲ್ಲ!’ ದಾವಣಗೆರೆಯಲ್ಲಿ ಪಾಠ ಹೇಳಲು ಶುರುಮಾಡಿದಾಗಿನಿಂದ ಈ ‘ಮುಗೀತಲ್ಲ’ ಕೇಳಿ ಕೇಳಿ ಸಾಕಾಗಿದೆ. ಹೇಳುವವರೇನು ದಡ್ಡರಲ್ಲ. ಬ್ಯಾಂಕಿನಲ್ಲಿದ್ದವರು, ಎಂಜಿನಿಯರಿಂಗ್ ಓದುವ ಹುಡುಗರು. ಒಬ್ಬ ನಿವೃತ್ತ ಮೇಷ್ಟ್ರಂತೂ ಚೌಕುಳಿ ನೋಟ್‌ಬುಕ್ಕಿನಲ್ಲಿ ಕೆಂಪು ಶಾಯಿಯಿಂದ ಕೋಷ್ಟಕವನ್ನೇ ಎಳೆದು ತಂದಿದ್ದರು. ಮೊದಲನೆಯ ದಿನ 1ರಿಂದ 1000, ಎರಡನೆಯದು 1001ರಿಂದ 2000, ಹೀಗೆ. ಏಳನೆಯ ದಿನದ ಮುಂದೆ ಮಾತ್ರ ಒಂದು ಪ್ರಶ್ನಾರ್ಥಕ ಚಿಹ್ನೆ. ಇಡೀ ಪುಟದಲ್ಲಿ ನನಗೆ ಹಿಡಿಸಿದ್ದು ಅದೊಂದೇ.

ಪೇತ್ರನ ಪತ್ರಿಕೆಯ ಆ ಭಾಗ ಸೃಷ್ಟಿಗೆ ಎಷ್ಟು ಕಾಲ ಹಿಡಿಯಿತು ಎಂಬುದರ ಬಗ್ಗೆ ಅಲ್ಲವೇ ಅಲ್ಲ. ದಯವಿಟ್ಟು ನಾಲ್ಕನೆಯ ವಚನದಿಂದ ಓದಿಕೊಂಡು ಬನ್ನಿ. ‘ಕ್ರಿಸ್ತ ಮತ್ತೆ ಬರುತ್ತೇನೆ ಅಂದಿದ್ದನಲ್ಲ, ಎಲ್ಲಿ ಬಂದ?’ ಎಂದು ಕುಚೋದ್ಯ ಮಾಡುವವರಿಗೆ ಕೊಟ್ಟ ಉತ್ತರ ಅದು. ದೇವರು ತಡಮಾಡುತ್ತಿಲ್ಲ, ಯಾರೂ ನಾಶವಾಗಬಾರದೆಂದು ತಾಳಿಕೊಂಡಿದ್ದಾನೆ ಅನ್ನುವುದು ಒಂಬತ್ತನೆಯ ವಚನ. ನಡುವಿನ ಎಂಟನೆಯ ವಚನವನ್ನು ಕಿತ್ತು ತಂದು, ಕ್ವಿಂಟಲ್‌ಗೆ ನೂರು ಕೆ.ಜಿ. ಅನ್ನುವ ಹಾಗೆ ದಿನಕ್ಕೆ ಸಾವಿರ ವರ್ಷ ಅಂದರೆ ಹೇಗೆ? ಅದೇ ವಚನ ಮರುಗಳಿಗೆಯಲ್ಲೇ ತಿರುಗಿಸಿಯೂ ಹೇಳುತ್ತದೆ, ಸಾವಿರ ವರ್ಷವೂ ಒಂದು ದಿನದ ಹಾಗೆ ಎಂದು. ಆ ಲೆಕ್ಕ ಹಿಡಿದರೆ 969 ವರ್ಷ ಬದುಕಿದ ಮೆತೂಷೆಲಹನಿಗೆ ಒಂದು ದಿನವೂ ತುಂಬಲಿಲ್ಲ! ಯೋನನು ಮೀನಿನ ಹೊಟ್ಟೆಯಲ್ಲಿದ್ದ ಮೂರು ದಿನ ಮೂರು ಸಾವಿರ ವರ್ಷವೇ ಎಂದರೆ ಮಾತ್ರ ಎಲ್ಲರೂ ನಗುತ್ತಾರೆ. ಅಲ್ಲಿ ನಗುವವರು ಆದಿಕಾಂಡಕ್ಕೆ ಬಂದೊಡನೆ ಯಾಕೆ ಕ್ಯಾಲ್ಕುಲೇಟರ್ ತೆಗೆಯುತ್ತಾರೋ ನಾ ಕಾಣೆ.

ಇನ್ನೂ ಅನುಮಾನ ಇದ್ದರೆ ಬೈಬಲಿನ 90ನೆಯ ಕೀರ್ತನೆ ನೋಡಿ. ಆ ಹೋಲಿಕೆಯ ಮೂಲ ಅಲ್ಲಿದೆ. ಅಲ್ಲಿ ಸಾವಿರ ವರ್ಷ ಕಳೆದುಹೋದ ನಿನ್ನೆಯ ಹಾಗೂ ಹೌದು, ರಾತ್ರಿಯ ಒಂದು ಜಾವದ ಹಾಗೂ ಹೌದು. ದಿನವೋ ಜಾವವೋ? ದರ ಅಂತ ಒಂದಿದ್ದರೆ ಒಂದೇ ವಚನದೊಳಗೆ ಎರಡು ಥರ ಇರುತ್ತದೆಯೇ?

ಈ ವಚನವನ್ನು ಹಳಬರೂ ಬಳಸಿದ್ದಾರೆ, ಇಲ್ಲವೆನ್ನಲಾರೆ. ಎರಡನೆಯ ಶತಮಾನದ ಬಿಷಪ್ ಐರೇನಿಯಸ್ ಬಳಸಿದ. ಆದರೆ ಅವನು ಲೆಕ್ಕ ಹಾಕಿದ್ದು ಸೃಷ್ಟಿಗೆ ಹಿಡಿದ ಕಾಲವನ್ನಲ್ಲ, ಲೋಕ ಇನ್ನೆಷ್ಟು ಕಾಲ ನಡೆದೀತು ಎಂಬುದನ್ನು. ಐರ್ಲೆಂಡಿನ ಆರ್ಚ್‌ಬಿಷಪ್ ಅಷರ್ 1650ರಲ್ಲಿ ಸೃಷ್ಟಿಯ ವರ್ಷ ಕ್ರಿ.ಪೂ. 4004 ಎಂದು ಬರೆದದ್ದು ವಂಶಾವಳಿ, ರಾಜರ ಆಳ್ವಿಕೆಗಳನ್ನು ಕೂಡಿಸಿ, ದಿನಗಳನ್ನು ಸಾವಿರದಿಂದ ಗುಣಿಸಿ ಅಲ್ಲ.

ಹಾಗಾದರೆ ಆ ದಿನಗಳು ಎಷ್ಟುದ್ದ? ಇಲ್ಲಿ ನಾನು ಎಚ್ಚರಿಕೆಯಿಂದಲೇ ಮಾತಾಡುತ್ತೇನೆ. 24 ಗಂಟೆ ಎನ್ನುವವರ ಕೈ ಬರಿದಲ್ಲ. ‘ಸಾಯಂಕಾಲವೂ ಪ್ರಾತಃಕಾಲವೂ’ ಎಂದು ಆರೂ ದಿನಗಳಲ್ಲಿ ಮರಳಿ ಬರುತ್ತದೆ, ವಾರಕ್ಕೊಂದು ದಿನ ವಿಶ್ರಾಂತಿ ಎನ್ನುವ ಸಬ್ಬತ್ತಿನ ಆಜ್ಞೆಯೂ ಆರು ದಿನದ ಮೇಲೇ ನಿಂತಿದೆ. ಮತಸುಧಾರಕ ಲೂಥರ್ ಹಾಗೆಯೇ ಓದಿದ. ದೀರ್ಘ ಯುಗ ಎನ್ನುವವರು ಏಳನೆಯ ದಿನಕ್ಕೆ ಸಾಯಂಕಾಲವೇ ಇಲ್ಲ ಎಂದು ತೋರಿಸುತ್ತಾರೆ. ಮೇಷ್ಟ್ರ ಪ್ರಶ್ನಾರ್ಥಕ ಚಿಹ್ನೆ ಸರಿಯಾಗಿಯೇ ಇತ್ತು, ಅಲ್ಲವೇ? ಸೂರ್ಯ ಬರುವುದೇ ನಾಲ್ಕನೆಯ ದಿನ, ಗಿಡಮರ ಮೂರನೆಯ ದಿನವೇ ಬಂದಾಗಿದೆ. ಹಳೆಯ ಕಾಲದ ದೊಡ್ಡ ಕ್ರೈಸ್ತ ಚಿಂತಕ ಅಗಸ್ಟೀನನಂಥವನೇ ಇವು ಎಂಥ ದಿನಗಳೆಂದು ಊಹಿಸುವುದು ನಮಗೆ ಬಲು ಕಷ್ಟ, ಬಹುಶಃ ಅಸಾಧ್ಯ ಎಂದು ಕೈಚೆಲ್ಲಿದ. ನನ್ನ ಒಲವು ಅಧ್ಯಾಯದ ಕಟ್ಟಡವನ್ನು ನೋಡುವವರ ಕಡೆ. ಮೊದಲ ಮೂರು ದಿನ ಬೆಳಕು, ನೀರು-ಆಕಾಶ, ನೆಲ. ಮುಂದಿನ ಮೂರು ದಿನ ಅವುಗಳಲ್ಲಿ ತುಂಬುವವು: ಸೂರ್ಯ-ಚಂದ್ರ, ಮೀನು-ಹಕ್ಕಿ, ಪ್ರಾಣಿ-ಮನುಷ್ಯ. ಇದನ್ನೇ ಕೊನೆಮಾತು ಅನ್ನಲಾರೆ. ಇದಕ್ಕೂ ಆಕ್ಷೇಪಗಳಿವೆ.

ಒಮ್ಮೆ ಯುವಕರ ಗುಂಪನ್ನು ಚಿತ್ರದುರ್ಗದ ಹತ್ತಿರದ ಮರಡಿಹಳ್ಳಿಗೆ ಕರೆದುಕೊಂಡು ಹೋಗಿದ್ದೆ. ನೀರಿನೊಳಗೆ ಉಕ್ಕಿದ ಲಾವಾ ಮೇಲ್ಮೈ ಬೇಗ ತಣಿದು ದಿಂಬು ದಿಂಬಾಗಿ ಹೆಪ್ಪುಗಟ್ಟಿದ ಬಂಡೆ ಅಲ್ಲಿದೆ, ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ವಯಸ್ಸು ಸುಮಾರು 250 ಕೋಟಿ ವರ್ಷ ಎಂದು ಹೇಳಿ ಮುಗಿಸುವಷ್ಟರಲ್ಲಿ ಒಬ್ಬ ಹುಡುಗ ಮೊಬೈಲ್ ತೆಗೆದು ಆರರಿಂದ ಭಾಗಿಸಿಬಿಟ್ಟ. ‘ದಿನಕ್ಕೆ ನಲವತ್ತೊಂದು ಕೋಟಿ ಚಿಲ್ಲರೆ, ಪಾಸ್ಟರೇ!’ ಅದು ಆ ಬಂಡೆಯ ವಯಸ್ಸು ಕಣಪ್ಪಾ, ಭೂಮಿಗೆ ಸುಮಾರು 454 ಕೋಟಿ ಎಂದೆ. ಅದನ್ನೂ ಭಾಗಿಸಿದ. ಒಳ್ಳೆಯ ಹುಡುಗ, ಕೋಪಿಸಿಕೊಳ್ಳಲು ಮನಸ್ಸು ಬರಲಿಲ್ಲ. ಆದರೂ ಹೇಳಿದೆ: ಬಂಡೆಯ ವಯಸ್ಸು ಹೇಳುವವರು ಬಂಡೆಯನ್ನೇ ಪರೀಕ್ಷಿಸಿ ಹೇಳುತ್ತಾರೆ. ಅವರ ಲೆಕ್ಕ ಒಪ್ಪು ಅಥವಾ ಬಿಡು, ಅದಕ್ಕೆ ಪೇತ್ರನ ಸಹಿ ಹಾಕಿಸಬೇಡ.

ಭಾನುವಾರ ಶಾಲೆಯ ಟೀಚರುಗಳಿಗೆ ಈಗ ನಾನು ಹೇಳುವುದಿಷ್ಟೇ. ‘ಸೃಷ್ಟಿಗೆ ಎಷ್ಟು ವರ್ಷ ಹಿಡಿಯಿತು?’ ಅನ್ನುವ ಪ್ರಶ್ನೆ ಪರೀಕ್ಷೆಯಲ್ಲಿ ಕಂಡರೆ ಹೊಡೆದುಹಾಕುತ್ತೇನೆ. ಅದರ ಬದಲು ಮೊದಲ ಮೂರು ದಿನಕ್ಕೂ ಕಡೆಯ ಮೂರು ದಿನಕ್ಕೂ ಹೊಂದಿಸಿ ಬರೆಯಲು ಕೊಡಿ. ಐದು ಅಂಕ ಇಡಿ.