ನರ ತೆಗೆದ ಮೇಲೂ ಹಲ್ಲು ಯಾಕೆ ನೋಯುತ್ತದೆ?

ರೂಟ್ ಕೆನಾಲ್ ಮಾಡಿಸಿಕೊಂಡ ಮಾರನೇ ದಿನ ತುಂಬಾ ಜನ ಕೇಳುವುದು ಇದೇ: ನರವನ್ನೇ ತೆಗೆದಾಯ್ತಲ್ಲ, ಮತ್ತೆ ನೋವು ಎಲ್ಲಿಂದ ಬಂತು?

ನೋಯುತ್ತಿರುವುದು ಹಲ್ಲಿನ ಒಳಗಲ್ಲ, ಬೇರಿನ ಸುತ್ತ. ಬೇರಿಗೂ ದವಡೆಯ ಮೂಳೆಗೂ ನಡುವೆ ನಾರುಗಳ ಒಂದು ತೆಳ್ಳನೆ ಪದರವಿದೆ. ದಪ್ಪ ಸುಮಾರು ಕಾಲು ಮಿಲಿಮೀಟರ್ ಅಷ್ಟೇ. ಆದರೆ ಅದರ ತುಂಬಾ ನರಗಳು. ಹಲ್ಲುಗಳ ಮಧ್ಯೆ ಒಂದು ಕೂದಲು ಸಿಕ್ಕರೂ ಗೊತ್ತಾಗುತ್ತದೆ ಅಲ್ವಾ, ಅದು ಈ ಪದರದ ಕೆಲಸ. ಡಾಕ್ಟರ್ ಸಣ್ಣ ಅರದಂಥ ಫೈಲ್‌ಗಳಿಂದ ಬೇರಿನ ಒಳಗಿನ ಕಾಲುವೆ ಉಜ್ಜುವಾಗ ಚೂರುಪಾರು ಕೊಳೆ, ಬ್ಯಾಕ್ಟೀರಿಯಾ ಬೇರಿನ ತುದಿಯಿಂದ ಆಚೆ ಹೋಗಬಹುದು. ಆಗ ಅಲ್ಲಿ ಉರಿಯೂತ ಶುರು. ಊದಿಕೊಳ್ಳಲು ಜಾಗವಿಲ್ಲ, ಒತ್ತಡ ಏರುತ್ತದೆ. ಕಚ್ಚಿದರೆ ಪ್ರಾಣ ಹೋದಂತಾಗುತ್ತದೆ.

ಹಾಗಾಗಿ ನೋವು ತಡೆಯುವ ಕೆಲಸ ಚಿಕಿತ್ಸೆಯ ಕುರ್ಚಿಯಲ್ಲೇ ಶುರುವಾಗಬೇಕು. ಅಪೆಕ್ಸ್ ಲೊಕೇಟರ್ ಅನ್ನುವ ಪುಟ್ಟ ಯಂತ್ರ ಕಾಲುವೆಯ ಉದ್ದ ಅಳೆದು ಹೇಳುತ್ತದೆ. ಫೈಲ್ ಬೇರಿನ ತುದಿ ದಾಟದಂತೆ ನೋಡಿಕೊಳ್ಳಲು ಇದು ನೆರವಾಗುತ್ತದೆ. ಚಿಕಿತ್ಸೆಗೆ ಮುಂಚೆಯೇ ಕಚ್ಚಿದಾಗ ನೋಯುತ್ತಿದ್ದ ಹಲ್ಲನ್ನು ಮೇಲಿಂದ ಸ್ವಲ್ಪ ತೇಯ್ದರೆ ಎದುರು ಹಲ್ಲಿನ ಪೆಟ್ಟು ತಪ್ಪುತ್ತದೆ. ಕೆಲವರು ತಣ್ಣನೆಯ ಸಲೈನ್‌ನಿಂದ ಕಾಲುವೆ ತೊಳೆಯುತ್ತಾರೆ. ಮೊದಲ ದಿನದ ನೋವು ಇದರಿಂದ ಕಡಿಮೆಯಾಗುವುದು ಹಲವು ಅಧ್ಯಯನಗಳಲ್ಲಿ ಕಂಡಿದೆ.

ನನಗೆ ಬಹಳ ಮುಖ್ಯ ಅನಿಸುವುದು ಮಾತ್ರೆಯ ಸಮಯ. ಐಬುಪ್ರೊಫೆನ್ ನೋವು ಹುಟ್ಟಿಸುವ ಪ್ರೊಸ್ಟಗ್ಲಾಂಡಿನ್ ಎಂಬ ರಾಸಾಯನಿಕ ತಯಾರಾಗದಂತೆ ತಡೆಯುತ್ತದೆ. ತಯಾರಾದ ಮೇಲೆ ತಡೆಯುವುದಕ್ಕಿಂತ ಮುಂಚೆಯೇ ತಡೆಯುವುದು ಸುಲಭ. ಅದಕ್ಕೇ ಮರಗಟ್ಟಿಸುವ ಇಂಜೆಕ್ಷನ್‌ನ ಪ್ರಭಾವ ಇಳಿಯುವ ಮುಂಚೆ ಮಾತ್ರೆ ಒಳಗಿರಬೇಕು. ಜೊತೆಗೆ ಪ್ಯಾರಾಸಿಟಮಾಲ್ ಸೇರಿದರೆ ಪರಿಣಾಮ ಇನ್ನೂ ಜಾಸ್ತಿ. ಹೊಟ್ಟೆ ಹುಣ್ಣು, ಕಿಡ್ನಿ ತೊಂದರೆ, ಆಸ್ತಮಾ ಇದ್ದವರು, ಗರ್ಭಿಣಿಯರು, ರಕ್ತ ತೆಳುವಾಗಿಸುವ ಔಷಧಿ ತೆಗೆದುಕೊಳ್ಳುವವರು ಡಾಕ್ಟರನ್ನು ಕೇಳದೆ ಐಬುಪ್ರೊಫೆನ್ ಮುಟ್ಟಬಾರದು.

ಆಂಟಿಬಯೋಟಿಕ್? ಬರೀ ನೋವಿಗೆ ಬೇಡ. ಅದು ಬ್ಯಾಕ್ಟೀರಿಯಾ ಕೊಲ್ಲುವ ಔಷಧಿ, ಈ ನೋವನ್ನು ತಡೆಯುವುದಿಲ್ಲ. ಸುಮ್ನೆ ನುಂಗಿದರೆ ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾ ಬೆಳೆಯುತ್ತವೆ, ಅಷ್ಟೇ. ಕೇಳಿ ಬರೆಸಿಕೊಳ್ಳುವ ಅಭ್ಯಾಸ ಬಿಡಬೇಕು.

ಚಿಕಿತ್ಸೆಗೆ ಮುಂಚೆ ಜಾಸ್ತಿ ನೋವಿದ್ದವರಿಗೆ ಆಮೇಲೂ ನೋವು ಬರುವ ಸಾಧ್ಯತೆ ಹೆಚ್ಚು. ಅಂಥವರು ಅದನ್ನು ಮೊದಲೇ ಹೇಳಬೇಕು. ಸಾಮಾನ್ಯವಾಗಿ ಮೊದಲ 24 ಗಂಟೆ ಕಷ್ಟ, ಒಂದು ವಾರದೊಳಗೆ ಬಹುಪಾಲು ಇಳಿಯುತ್ತದೆ. ಅಲ್ಲಿಯವರೆಗೆ ಆ ಕಡೆ ಅಗಿಯಬೇಡಿ. ನೋವು ದಿನದಿಂದ ದಿನಕ್ಕೆ ಏರಿದರೆ, ಮುಖ ಊದಿಕೊಂಡರೆ, ಜ್ವರ ಬಂದರೆ ಕಾಯದೆ ಡಾಕ್ಟರ್ ಹತ್ತಿರ ಹೋಗಿ. ನುಂಗಲು, ಉಸಿರಾಡಲು ಕಷ್ಟವಾದರೆ ನೇರವಾಗಿ ತುರ್ತು ಚಿಕಿತ್ಸೆಗೆ.